ಕೊಡುವ ಮೊದಲು ಒಂದು ಮಾತು ಕೇಳೋಣ: ಕರಾವಳಿಯ ಕಾಲೇಜುಗಳಿಗೆ ವಿದ್ಯಾರ್ಥಿನಿಯೊಬ್ಬಳ ಬಹಿರಂಗ ಪತ್ರ

ಮಂಗಳೂರು ಮತ್ತು ಉಡುಪಿಯ ಕಾಲೇಜುಗಳ ಮಾನ್ಯ ಪ್ರಾಂಶುಪಾಲರಿಗೆ, ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ಯೋಜನಾಧಿಕಾರಿಗಳಿಗೆ, ನಮ್ಮ ಕಾರ್ಯಕ್ರಮಗಳಿಗೆ ಕೈಬಿಚ್ಚಿ ಕೊಡುವ ದಾನಿಗಳಿಗೆ, ನನ್ನ ಜೊತೆ ಓದುತ್ತಿರುವ ಎಲ್ಲರಿಗೆ,

ನಮಸ್ಕಾರ.

ನಾನು ಮಂಗಳೂರಿನ ಕಾಲೇಜೊಂದರಲ್ಲಿ ಅಂತಿಮ ಪದವಿಯಲ್ಲಿದ್ದೇನೆ, ಎನ್‌ಎಸ್‌ಎಸ್ ಸ್ವಯಂಸೇವಕಿ. ನಮ್ಮೂರಿನಲ್ಲಿ ಕೊಡುವ ಮನಸ್ಸಿಗೆ ಬರವಿಲ್ಲ ಎಂಬುದನ್ನು ಹತ್ತಿರದಿಂದ ನೋಡಿದವಳು. ಜೂನ್ ಬಂತೆಂದರೆ ನೋಟ್‌ಬುಕ್ಕು, ಕೊಡೆ. ಹಬ್ಬ ಬಂತೆಂದರೆ ಅಕ್ಕಿ, ಸೀರೆ. ಯಾರದಾದರೂ ಹುಟ್ಟುಹಬ್ಬಕ್ಕೆ ಆಸ್ಪತ್ರೆಯ ವಾರ್ಡುಗಳಲ್ಲಿ ಹಣ್ಣು, ಬ್ರೆಡ್ಡು. ಮಠ ದೇವಸ್ಥಾನಗಳ ಅನ್ನಪ್ರಸಾದ, ರಂಜಾನ್ ತಿಂಗಳ ಝಕಾತ್, ಚರ್ಚಿನ ಸಂಘಗಳು ಬಡ ಕುಟುಂಬಕ್ಕೆ ಕಟ್ಟಿಕೊಡುವ ಮನೆ, ಎಲ್ಲವೂ ಇಲ್ಲಿ ಉಂಟು. ಇಷ್ಟಿದ್ದೂ ನಾವು ಯಾರಿಗೆ ಕೊಡುತ್ತೇವೋ ಅವರ ಬಗ್ಗೆ ನಮಗೆ ಗೊತ್ತಿರುವುದು ತೀರ ಕಡಿಮೆ, ಗೊತ್ತಿದೆ ಅಂದುಕೊಂಡಿರುವುದು ತೀರ ಹೆಚ್ಚು. ಕೊಡುವ ಮೊದಲು ಕೇಳುವ ಪದ್ಧತಿ ನಮ್ಮ ಕಾಲೇಜುಗಳಲ್ಲಿ ಶುರುವಾಗಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನಗರದ ಹೊರವಲಯದಲ್ಲಿ ಕಟ್ಟಡ ಕಾರ್ಮಿಕರ ಶೆಡ್ಡುಗಳಿಗೆ ನಮ್ಮ ಘಟಕ ಆಹಾರದ ಕಿಟ್ ತೆಗೆದುಕೊಂಡು ಹೋಗಿತ್ತು. ತಗಡಿನ ಗೋಡೆ, ಮೇಲೆ ನೀಲಿ ಟಾರ್ಪಾಲು, ಎಲ್ಲರಿಗೂ ಸೇರಿ ಒಂದೇ ನಳ್ಳಿ. ಕಿಟ್‌ನಲ್ಲಿ ಕುಚ್ಚಲಕ್ಕಿ, ಬೇಳೆ, ಸಕ್ಕರೆ, ಚಹಾಪುಡಿ, ತೆಂಗಿನೆಣ್ಣೆ ಇತ್ತು. ನಮ್ಮ ಮನೆಗೆ ತರುವ ಸಾಮಾನಿನ ಚೀಟಿಯೇ ಅದು. ಆದರೆ ಅಲ್ಲಿದ್ದವರು ಕೊಪ್ಪಳ, ಬಾಗಲಕೋಟೆ ಕಡೆಯವರು, ಜೋಳದ ರೊಟ್ಟಿ ಉಂಡು ಬೆಳೆದವರು. ಒಬ್ಬ ತಾಯಿ ಚೀಲ ಬಿಚ್ಚಿ ಅಕ್ಕಿಯನ್ನು ಅಂಗೈಗೆ ಸುರಿದುಕೊಂಡು ನೋಡಿದರು. "ಇದು ದಪ್ಪ ಅಕ್ಕಿ ಐತಲ್ರಿ, ಇದನ್ನ ಎಷ್ಟೊತ್ತು ಕುದಸಬೇಕ್ರಿ?" ಎಂದು ಸಂಕೋಚದಿಂದ ಕೇಳಿದರು. ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕರಾವಳಿಯ ಯಾವ ಮನೆಯವರಿಗೂ ಹೇಳಬೇಕಾಗಿಲ್ಲ. ಅವರ ಒಲೆಗೆ ಸೌದೆ ಎಂದರೆ ಸೈಟಿನಲ್ಲಿ ಉಳಿದ ಸೆಂಟ್ರಿಂಗ್ ಮರದ ಚೂರುಗಳು. ಕತ್ತಲಾದ ಮೇಲೆ ಕೆಲಸದಿಂದ ಬಂದು ಅದರಲ್ಲಿ ಅಡುಗೆಯಾಗಬೇಕು. ಜೋಳ ತರಬೇಕೋ ಅಕ್ಕಿ ತರಬೇಕೋ ಎಂದು ಹಿಂದಿನ ದಿನ ಒಬ್ಬರು ಹೋಗಿ ಕೇಳಿದ್ದರೆ ಸಾಕಿತ್ತು. ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವೂ ಆಗುತ್ತಿರಲಿಲ್ಲ.

ನಾವು ಹೊರಡುವಾಗ ಅದೇ ತಾಯಿ ರಸ್ತೆಯವರೆಗೆ ನಮ್ಮ ಹಿಂದೆ ಬಂದರು. "ಅಕ್ಕಾರ, ನನ್ನ ಮಗನ್ನ ಸಾಲಿಗೆ ಹಚ್ಚಬೇಕ್ರಿ. ಟಿಸಿ ತಗೊಂಡ್ ಬಾ ಅಂತಾರ. ಊರಿಗೆ ಹೋಗಿ ಬರಾಕ ನಾಕ್ ದಿನದ ಪಗಾರ ಹೊಕ್ಕೈತ್ರಿ."

ಅವರಿಗೆ ನಮ್ಮಿಂದ ಬೇಕಾಗಿದ್ದದ್ದು ಇದು. ಕಿಟ್ ಹಿಡಿದು ಸಾಲಿನಲ್ಲಿ ನಿಂತಿದ್ದಷ್ಟು ಹೊತ್ತು ಅದನ್ನು ಹೇಳಲು ಅವರಿಗೆ ಜಾಗವೇ ಇರಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಿಂದ. ವರ್ಗಾವಣೆ ಪತ್ರ (ಟಿಸಿ) ಬರುವುದು ತಡವಾಯಿತೆಂದು ಮಗುವಿಗೆ ಪ್ರವೇಶ ಕೊಡದೆ ಇರುವಂತಿಲ್ಲ ಎಂದು ಆ ಕಾಯ್ದೆಯ 5ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದೂ ಮಗುವನ್ನು ವಾಪಸ್ ಕಳಿಸುವಂತಿಲ್ಲ. ನಮ್ಮ ತರಗತಿಯಲ್ಲಿ ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯ ಸಹಪಾಠಿಯೊಬ್ಬನಿದ್ದಾನೆ. ಆ ತಾಯಿಯ ಊರಿನ ಶಾಲೆಯ ಹೆಡ್‌ಮಾಸ್ಟರಿಗೆ ಅವನೇ ಫೋನ್ ಮಾಡಿ, ಅವರದೇ ಮಾತಿನಲ್ಲಿ ಮಾತಾಡಿ, ಹುಡುಗನ ಎಸ್‌ಎಟಿಎಸ್ ಸಂಖ್ಯೆ, ಅಂದರೆ ಶಾಲಾ ದಾಖಲೆಯಲ್ಲಿರುವ ಗುರುತಿನ ಸಂಖ್ಯೆ, ಬರೆದುಕೊಂಡ. ನಾವು ಕೆಲವರು ಆ ತಾಯಿಯ ಜೊತೆ ಶಾಲೆಗೆ ಹೋದೆವು, ಅಲ್ಲಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಹೋದೆವು. ಹುಡುಗ ಶಾಲೆಗೆ ಸೇರಿದ. ಇದಕ್ಕೆ ತಗುಲಿದ್ದು ಬಸ್ ಚಾರ್ಜು ಮಾತ್ರ. ಆದರೆ ನಮ್ಮ ಘಟಕದ ವಾರ್ಷಿಕ ವರದಿಯಲ್ಲಿ ಇದರ ಒಂದು ಸಾಲೂ ಇಲ್ಲ, ಕಿಟ್ ವಿತರಣೆಗೆ ಒಂದು ಪುಟವೇ ಇದೆ.

ಆ ಶೆಡ್ಡುಗಳ ಜನರ ಬಗ್ಗೆ ನಮ್ಮೂರಿನಲ್ಲಿ ಆಡುವ ಮಾತುಗಳನ್ನು ನೀವೂ ಕೇಳಿದ್ದೀರಿ. ಕೊಪ್ಪಳದವರಿರಲಿ ಗದಗದವರಿರಲಿ, ನಮಗೆ ಎಲ್ಲರೂ "ಬಿಜಾಪುರದವರು". ಮಕ್ಕಳನ್ನು ಓದಿಸುವುದಿಲ್ಲ, ದುಡಿದದ್ದನ್ನೆಲ್ಲ ಕುಡಿಯುತ್ತಾರೆ, ಕೊಟ್ಟ ಸಾಮಾನನ್ನು ಮಾರಿಕೊಳ್ಳುತ್ತಾರೆ. ಮಗನನ್ನು ಶಾಲೆಗೆ ಸೇರಿಸಲು ಅಪರಿಚಿತರ ಹಿಂದೆ ರಸ್ತೆಯವರೆಗೆ ನಡೆದು ಬಂದ ಹೆಂಗಸನ್ನು ನೋಡಿದ ಮೇಲೂ, ವಾಪಸ್ ಬರುವಾಗ ವ್ಯಾನಿನಲ್ಲಿ ಇದೇ ಮಾತು ಕೇಳಿಬಂತು. ಕಣ್ಣೆದುರು ನಡೆದದ್ದಕ್ಕಿಂತ ಮೊದಲೇ ಕೇಳಿಕೊಂಡಿದ್ದಕ್ಕೆ ಮನಸ್ಸಿನಲ್ಲಿ ಜಾಗ ಹೆಚ್ಚು. ಕಿಟ್‌ನ ಕುಚ್ಚಲಕ್ಕಿಯನ್ನು ಅವರು ಮಾರಿ ಜೋಳದ ಹಿಟ್ಟು ತಂದಿದ್ದರೆ ಅದು ಸಂಸಾರ ನಡೆಸುವವರ ಲೆಕ್ಕಾಚಾರ. ನಮಗೆ ಬೇಡದ ಉಡುಗೊರೆ ಬಂದರೆ ನಾವು ಮಾಡುವುದೂ ಅದನ್ನೇ ಅಲ್ಲವೇ?

ದಾನಿಗಳು ಇನ್ನೊಂದು ವಿಷಯ ದಯವಿಟ್ಟು ಗಮನಿಸಬೇಕು. ಕದ್ರಿಯಿಂದ ಸುರತ್ಕಲ್‌ವರೆಗೆ, ಮಣಿಪಾಲದ ಗುಡ್ಡದ ಮೇಲೆ, ಎದ್ದು ನಿಂತಿರುವ ಫ್ಲ್ಯಾಟುಗಳ ನಿರ್ಮಾಣ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ಇದೆ. 1996ರ ಕಾಯ್ದೆಯಿಂದ ಶುರುವಾದ ಅದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುವ ಹಣ. ಮಂಡಳಿಯಲ್ಲಿ ನೋಂದಣಿಯಾದ ಕಾರ್ಮಿಕರಿಗೆ ಮಕ್ಕಳ ಓದಿಗೆ, ಹೆರಿಗೆಗೆ, ಚಿಕಿತ್ಸೆಗೆ ನೆರವು ಸಿಗುತ್ತದೆ. 18ರಿಂದ 60 ವರ್ಷದೊಳಗಿನವರಾಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದವರು ನೋಂದಣಿ ಮಾಡಿಕೊಳ್ಳಬಹುದು. ಸಿಕ್ಕಿಕೊಳ್ಳುವುದು ಆ 90 ದಿನಗಳ ದೃಢೀಕರಣದಲ್ಲಿ. ಇವತ್ತು ಒಂದು ಸೈಟು, ಮುಂದಿನ ತಿಂಗಳು ಇನ್ನೊಂದು. ಮೇಸ್ತ್ರಿ ಬದಲಾಗುತ್ತಾನೆ, ಕಾಂಟ್ರಾಕ್ಟರು ಬದಲಾಗುತ್ತಾರೆ, ಸಹಿ ಹಾಕುವವರು ಕೈಗೆ ಸಿಗುವುದಿಲ್ಲ. ರೇಷನ್ನಿನ ಕಥೆಯೂ ಹೀಗೆಯೇ. ಕೊಪ್ಪಳದ ಕಾರ್ಡಿದ್ದವರು ಮಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳೊತ್ತಿ ಅಕ್ಕಿ ಪಡೆಯಬಹುದು, ಪೋರ್ಟಬಿಲಿಟಿ ವ್ಯವಸ್ಥೆ ಇದೆ. ಶೆಡ್ಡಿನಲ್ಲಿ ನಾವು ಮಾತಾಡಿಸಿದ ಹಲವರಿಗೆ ಈ ವಿಷಯ ಯಾರೂ ಹೇಳಿರಲಿಲ್ಲ. ನಾವು ಒಂದು ಸಲ ಐದು ಕಿಲೋ ಕೊಟ್ಟು ಬರುತ್ತೇವೆ. ತಿಂಗಳು ತಿಂಗಳು ಅವರಿಗೆ ಬರಬೇಕಾದದ್ದು ಅಂಗಡಿಯಲ್ಲೇ ಉಳಿಯುತ್ತದೆ.

ಈಗ ಫೋಟೊ ವಿಷಯ. ಇದನ್ನು ಬರೆಯುವಾಗ ನನಗೆ ಸ್ವಲ್ಪ ಸಿಟ್ಟೂ ಬರುತ್ತದೆ, ಕ್ಷಮಿಸಿ.

ನಮ್ಮ ಜಿಲ್ಲೆಗಳಲ್ಲಿ ಜಾತಿ ಸಂಘಗಳು, ಸಹಕಾರಿ ಸಂಘಗಳು, ಯುವಕ ಮಂಡಲಗಳು ವರ್ಷವರ್ಷ ಪ್ರತಿಭಾ ಪುರಸ್ಕಾರ ಮಾಡುತ್ತವೆ. ನನಗೂ ಎಸ್‌ಎಸ್‌ಎಲ್‌ಸಿ, ಪಿಯುಸಿ ಆದಾಗ ಸಿಕ್ಕಿದೆ. ವೇದಿಕೆಗೆ ಕರೆಯುತ್ತಾರೆ, ಹೆಸರು ಹೇಳುತ್ತಾರೆ, ಅಂಕ ಹೇಳುತ್ತಾರೆ, ಶಾಲು ಹೊದಿಸುತ್ತಾರೆ, ಅಪ್ಪ ಅಮ್ಮನನ್ನೂ ಪಕ್ಕದಲ್ಲಿ ನಿಲ್ಲಿಸುತ್ತಾರೆ. ಮರುದಿನ ಪತ್ರಿಕೆಯ ಫೋಟೊದಲ್ಲಿ ನಡುವೆ ಇರುವವಳು ನಾನು. ಅದೇ ಪುಟದಲ್ಲಿ ಇನ್ನೊಂದು ಫೋಟೊ ಇರುತ್ತದೆ: "ಬಡ ವಿದ್ಯಾರ್ಥಿಗಳಿಗೆ ಪುಸ್ತಕ ವಿತರಣೆ". ಅದರಲ್ಲಿ ನಡುವೆ ಇರುವವರು ಕೊಡುವವರು. ಅವರ ಹೆಸರು, ಹುದ್ದೆ ಎಲ್ಲ ಕೆಳಗೆ ಅಚ್ಚಾಗಿರುತ್ತದೆ. ಪುಸ್ತಕದ ಕಟ್ಟಿಗೆ ಒಂದು ಕೈ ಹಿಡಿದು ಕ್ಯಾಮೆರಾ ಕಡೆ ಮುಖ ಮಾಡಿದ ಮಗುವಿಗೆ ಹೆಸರಿಲ್ಲ. ಆ ಮಗು ಗಣಿತದಲ್ಲಿ ಎಷ್ಟು ತೆಗೆದಿದೆ, ಕಬಡ್ಡಿ ಆಡುತ್ತದೋ, ಚಿತ್ರ ಬರೆಯುತ್ತದೋ ಯಾರಿಗೂ ಬೇಡ. ಇಬ್ಬರಿಗೂ ಸಿಕ್ಕಿದ್ದು ಸಮಾಜದ ಹಣವೇ. ಒಬ್ಬಳ ಫೋಟೊ ಮನೆಯ ಹಾಲ್‌ನಲ್ಲಿ ಫ್ರೇಮ್ ಆಗುತ್ತದೆ. ಇನ್ನೊಬ್ಬಳನ್ನು ಮರುದಿನ ತರಗತಿಯಲ್ಲಿ "ನೀನು ಪೇಪರಲ್ಲಿ ಬಂದಿದ್ದಿ ಅಲ್ವಾ" ಎಂದು ಕೇಳುತ್ತಾರೆ, ಅವಳು ತಲೆ ತಗ್ಗಿಸುತ್ತಾಳೆ.

ಫೋಟೊ ಹಿಂದೆ ಬರೀ ಪ್ರಚಾರದ ಆಸೆ ಇದೆ ಎಂದು ನಾನು ಹೇಳುವುದಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವಾಗ ವಿಸ್ತರಣಾ ಚಟುವಟಿಕೆಗಳಿಗೆ ಪುರಾವೆ ತೋರಿಸಬೇಕು, ಜಿಯೋಟ್ಯಾಗ್ ಆದ, ಅಂದರೆ ತೆಗೆದ ಜಾಗ ದಾಖಲಾದ, ಫೋಟೊ ಫೈಲಿನಲ್ಲಿರಬೇಕು, ಇಲ್ಲದಿದ್ದರೆ ನಮ್ಮ ಯೋಜನಾಧಿಕಾರಿಗಳೇ ಉತ್ತರ ಕೊಡಬೇಕಾಗುತ್ತದೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಪುರಾವೆ ಬೇಕಿರುವುದು ವಿದ್ಯಾರ್ಥಿಗಳು ಕೆಲಸ ಮಾಡಿದರು ಎಂಬುದಕ್ಕೆ. ನಾವು ಅರ್ಜಿ ತುಂಬುತ್ತಿರುವ ಫೋಟೊ ತೆಗೆಯಿರಿ, ಸಾಮಾನು ಕಟ್ಟುತ್ತಿರುವುದನ್ನು ತೆಗೆಯಿರಿ, ಪಾಠ ಹೇಳಿಕೊಡುವಾಗ ನಮ್ಮ ಮುಖ ಕಾಣುವಂತೆ ತೆಗೆಯಿರಿ. ಪಡೆದುಕೊಳ್ಳುವವರ ಮುಖ ಯಾವ ಫೈಲಿಗೂ ಬೇಕಾಗಿಲ್ಲ.

ಈ ಮಣ್ಣಿನಲ್ಲಿ ಕೊಡುವುದಕ್ಕೆ ಒಂದು ಕಹಿ ಇತಿಹಾಸವೂ ಇದೆ. ತುಳುನಾಡಿನವರಾದ ನಾವು ಅದನ್ನು ಮರೆಯುವ ಹಾಗಿಲ್ಲ. ಇಲ್ಲಿಯ ಆದಿವಾಸಿಗಳಾದ ಕೊರಗರನ್ನು ಅಜಲು ಎಂಬ ಪದ್ಧತಿಯಲ್ಲಿ ನಡೆಸಿಕೊಂಡ ಊರು ಇದು. ತಮ್ಮ ರೋಗ, ಅನಿಷ್ಟ ಕಳೆಯಲೆಂದು ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುತ್ತಿದ್ದರು. ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮೊದಲು ಅವರನ್ನು ಓಡಿಸುತ್ತಿದ್ದರು. ಇದನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ, ಅಂದರೆ ನನ್ನ ಅಮ್ಮ ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ. ಕೊಡುವುದನ್ನೇ ಅವಮಾನದ ಸಾಧನವಾಗಿ ಬಳಸಿದ ನೆನಪು ಒಂದು ಸಮುದಾಯದಲ್ಲಿ ಇಷ್ಟು ಹಸಿಯಾಗಿರುವಾಗ, ಮದುವೆ ಹಾಲ್‌ನಲ್ಲಿ ಮಿಕ್ಕಿದ ಅನ್ನವನ್ನು ರಾತ್ರಿ ಹನ್ನೊಂದಕ್ಕೆ ಅವರ ಕಾಲೊನಿಗೆ ಕೊಂಡುಹೋಗುವುದು ನಮಗೆ ಹೇಗೆ ಸಹಜವಾಗಿ ಕಾಣುತ್ತದೆ? ಅನ್ನ ಹಾಳಾಗಬಾರದು ಎಂಬುದು ನಿಜ. ಹಾಗಾದರೆ ಹಂಚುವಾಗ ನಮ್ಮ ಮನೆಯವರೂ ಕೂತು ಅದನ್ನೇ ಉಣ್ಣಲಿ.

ಕೊರಗ ಸಂಘಟನೆಗಳು ಏನು ಕೇಳುತ್ತಿವೆ ಎಂಬುದು ಗುಟ್ಟೇನಲ್ಲ. 1993ರ ಹೋರಾಟದ ನೆನಪಿಗೆ ಅವರು ಪ್ರತಿವರ್ಷ ಆಗಸ್ಟ್ 18ರಂದು ಭೂಮಿ ಹಬ್ಬ ಆಚರಿಸುತ್ತಾರೆ. ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂಬ ಕೊರಗರ ಸ್ಥಿತಿಗತಿ ಕುರಿತ ಡಾ. ಮಹಮ್ಮದ್ ಪೀರ್ ವರದಿಯ ಶಿಫಾರಸು ಜಾರಿಯಾಗಲಿ, ಓದಿದ ಹುಡುಗ ಹುಡುಗಿಯರಿಗೆ ಉದ್ಯೋಗ ಸಿಗಲಿ ಎಂದು ಅವರು ಮತ್ತೆ ಮತ್ತೆ ಹೇಳುತ್ತ ಬಂದಿದ್ದಾರೆ. ಕಾಲೇಜುಗಳು ಅವರನ್ನು ಕರೆಯುವುದು ಡೋಲು ಬಾರಿಸಲು, ಬುಟ್ಟಿ ಹೆಣೆದು ತೋರಿಸಲು. ಆ ಸಮುದಾಯದಿಂದ ಬಂದವರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದಾರೆ. ಅವರನ್ನು ಒಂದು ಸಲ ನಮ್ಮ ಶಿಬಿರದ ಉದ್ಘಾಟನೆಗೆ, ಸಮಾಜಶಾಸ್ತ್ರದ ಉಪನ್ಯಾಸಕ್ಕೆ ಕರೆಯಬಾರದೇ? ಡೋಲು ಬಾರಿಸುವವರ ಕಲೆಗೆ ನನ್ನ ಗೌರವವಿದೆ. ಒಬ್ಬರನ್ನು ಅದಷ್ಟರಲ್ಲೇ ಕಟ್ಟಿಹಾಕುವುದಕ್ಕೆ ನನ್ನ ತಕರಾರು.

ನನ್ನ ಅನುಕೂಲದ ಬಗ್ಗೆಯೂ ಹೇಳಬೇಕು. ನಮ್ಮದು ಶ್ರೀಮಂತ ಮನೆಯೇನಲ್ಲ. ಅಪ್ಪನಿಗೆ ತಿಂಗಳ ಸಂಬಳ ಉಂಟು, ಮನೆಯ ಸಾಲವೂ ಉಂಟು. ಹಾಗಾಗಿ ನನಗೇನು ವಿಶೇಷ ಸವಲತ್ತು ಎಂದು ಬಹಳ ಕಾಲ ಅನಿಸುತ್ತಿತ್ತು. ಆ ತಾಯಿಯ ಜೊತೆ ಕಚೇರಿಗೆ ಹೋದಾಗ ಲೆಕ್ಕ ಬೇರೆಯಾಗಿ ಕಂಡಿತು. "ನಾಳೆ ಬನ್ನಿ" ಎಂದು ಕಚೇರಿಯವರು ಹೇಳಿದರೆ ನನಗೆ ಒಂದು ಕ್ಲಾಸು ತಪ್ಪುತ್ತದೆ, ಅವರಿಗೆ ಒಂದು ದಿನದ ಕೂಲಿ ತಪ್ಪುತ್ತದೆ. ಅರ್ಜಿಯಲ್ಲಿ ಯಾವ ಕಾಲಂಗೆ ಏನು ಬರೆಯಬೇಕೆಂದು ನಮ್ಮ ಮನೆಯಲ್ಲಿ ಹೇಳಿಕೊಡುವವರಿದ್ದಾರೆ. ನಾಡಕಚೇರಿಯಲ್ಲಿ ಯಾರನ್ನು ಕಾಣಬೇಕು ಎಂದು ಚಿಕ್ಕಪ್ಪನಿಗೆ ಗೊತ್ತು. ನಾನು ಕಚೇರಿಗೆ ಹೋದರೆ ಕುರ್ಚಿ ತೋರಿಸುತ್ತಾರೆ, ಅವರು ಹೋದರೆ ಬಾಗಿಲಲ್ಲೇ "ಏನು?" ಎನ್ನುತ್ತಾರೆ. ಇದು ನಾನು ಗಳಿಸಿದ್ದಲ್ಲ, ಬಟ್ಟೆ, ಭಾಷೆ, ಹೆಸರಿನ ಮುಂದಿನ ಮನೆತನ ನೋಡಿ ಸಿಕ್ಕಿದ್ದು. ಕಾಲೇಜಿನವರಾದ ನಮ್ಮ ಹತ್ತಿರ ಕೊಡಲು ಅಕ್ಕಿಗಿಂತ ಬೆಲೆಬಾಳುವುದು ಇರುವುದಾದರೆ ಅದು ಇದೇ: ಓದು, ಸಮಯ, ಕಚೇರಿಯ ಬಾಗಿಲಲ್ಲಿ ನಮಗೆ ಸಿಗುವ ಆ ಕುರ್ಚಿ. ಇದನ್ನು ಅವರ ಕೆಲಸಕ್ಕೆ ಬಳಸಲು ಯಾರ ದೇಣಿಗೆಯೂ ಬೇಕಾಗಿಲ್ಲ.

ಹೀಗೆ ಯೋಚಿಸಿದವರು ನಮ್ಮೂರಿನಲ್ಲೇ ಇದ್ದರು. ನಗರದ ಪುರಭವನಕ್ಕೆ ಹೆಸರಿಟ್ಟಿರುವ ಕುದ್ಮುಲ್ ರಂಗರಾಯರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಸ್ವಂತ ಜಾತಿಯವರ ಬಹಿಷ್ಕಾರವನ್ನೂ ಎದುರಿಸಿದರು. ಅವರ ಆಸೆ ಏನಿತ್ತು ಎಂಬುದು ಇಲ್ಲಿ ಎಲ್ಲರಿಗೂ ತಿಳಿದ ಮಾತು. ತಮ್ಮ ಶಾಲೆಯಲ್ಲಿ ಕಲಿತ ಮಗು ದೊಡ್ಡ ಹುದ್ದೆಗೇರಿ ಈ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಅದರ ಧೂಳು ತಮ್ಮ ತಲೆಗೆ ತಾಗಬೇಕು. ಆ ಚಿತ್ರದಲ್ಲಿ ನಡುವೆ ಇರುವುದು ಮಗು, ಕೊಟ್ಟವರು ರಸ್ತೆಯ ಬದಿಯಲ್ಲಿ. ನಮ್ಮ ಫೋಟೊಗಳನ್ನು ಇದರ ಪಕ್ಕ ಇಟ್ಟು ನೋಡಬೇಕು.

ಉಡುಪಿಯಲ್ಲಿ 1925ರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ ಕೂಡ ನೇಕಾರರು ಕಷ್ಟದಲ್ಲಿದ್ದ ಕಾಲದಲ್ಲಿ ಹುಟ್ಟಿದ್ದು. 1928ರಲ್ಲಿ ಪಿಗ್ಮಿ ಬಂತು. ಏಜೆಂಟರು ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಂಡರು. ಬಡವರ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ ಎಂದು ಎಲ್ಲರೂ ನಂಬಿದ್ದಾಗ, ಡಾ. ಟಿ.ಎಂ.ಎ. ಪೈ ಮತ್ತು ಅವರ ಜೊತೆಯವರು ಬಡವರನ್ನು ಗ್ರಾಹಕರೆಂದು ಕಂಡರು, ಪಾಸ್‌ಬುಕ್ಕಿನಲ್ಲಿ ಅವರ ಹೆಸರು ಬರೆದರು.

ಹರೇಕಳ ಹಾಜಬ್ಬರನ್ನಂತೂ ನಾವು ಪ್ರತಿ ಭಾಷಣದಲ್ಲೂ ನೆನೆಯುತ್ತೇವೆ. ಕಿತ್ತಳೆ ಮಾರುತ್ತಿದ್ದವರು, ಅಕ್ಷರ ಕಲಿಯದವರು, 2020ರ ಪದ್ಮಶ್ರೀ. ಹೊಗಳುವಾಗ ಒಂದು ಮುಖ್ಯ ಸಂಗತಿ ಬಿಟ್ಟುಹೋಗುತ್ತದೆ. ಅವರ ಊರಾದ ನ್ಯೂಪಡ್ಪುವಿಗೆ ಏನು ಬೇಕು ಎಂದು ಹೊರಗಿನಿಂದ ಹೋದ ಯಾವ ದಾನಿಯೂ ಹೇಳಲಿಲ್ಲ, ಅಲ್ಲಿಯೇ ಬದುಕಿದ ಹಾಜಬ್ಬರು ಹೇಳಿದರು. ಶಾಲೆಗಾಗಿ ಕಚೇರಿಯಿಂದ ಕಚೇರಿಗೆ ಅಲೆದರು, ಬಂದ ಪ್ರಶಸ್ತಿಯ ಹಣವನ್ನೂ ಶಾಲೆಗೇ ಹಾಕಿದರು. ಕಿತ್ತಳೆ ಬುಟ್ಟಿ ಹೊತ್ತಿದ್ದ ಕಾಲದಲ್ಲಿ ಅವರು ನಮ್ಮ ಕಿಟ್‌ನ ಸಾಲಿನಲ್ಲಿ ನಿಂತಿದ್ದರೆ ನಾವು ಅವರನ್ನು ಒಂದು ಮಾತು ಕೇಳುತ್ತಿದ್ದೆವೇ? ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಹಾಗಂತ ಕಿಟ್ ಕೊಡುವುದನ್ನೇ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಕೂಲಿ ನಿಂತು, ಬಸ್ಸು ನಿಂತು, ಸಾವಿರಾರು ಜನ ಇಲ್ಲೇ ಸಿಕ್ಕಿಹಾಕಿಕೊಂಡಾಗ ಅನ್ನದ ಪೊಟ್ಟಣವೇ ಜೀವ ಉಳಿಸಿತು. ನೆರೆ ಬಂದಾಗಲೂ ಅಷ್ಟೇ. ಹಸಿದವರ ಮುಂದೆ ನಿಂತು ಹಕ್ಕಿನ ಪಾಠ ಹೇಳುವುದು ಕ್ರೌರ್ಯ. ಆದರೆ ನಮ್ಮ ಕಾರ್ಯಕ್ರಮಗಳಲ್ಲಿ ಹೆಚ್ಚಿನವು ನೆರೆಯ ದಿನದವಲ್ಲ, ಕ್ಯಾಲೆಂಡರ್ ನೋಡಿ ನಿಗದಿ ಮಾಡಿದವು. ಅವುಗಳಿಗೆ ಮೊದಲು ಹೋಗಿ ಕೇಳಲು ಬೇಕಾದಷ್ಟು ಸಮಯ ಇದೆ.

ಎನ್‌ಎಸ್‌ಎಸ್ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಪ್ರಾಂಶುಪಾಲರಲ್ಲಿ, ಯೋಜನಾಧಿಕಾರಿಗಳಲ್ಲಿ ನನ್ನ ಬೇಡಿಕೆ ಈ ಗಂಟೆಗಳ ಬಗ್ಗೆ. ಅದರಲ್ಲಿ ಒಂದು ಪಾಲನ್ನು ಕಾಗದಪತ್ರದ ಕೆಲಸಕ್ಕೆ ಮೀಸಲಿಡಿ: ಶಾಲಾ ಪ್ರವೇಶ, ಕಾರ್ಮಿಕರ ಕಾರ್ಡು, ರೇಷನ್, ವಿದ್ಯಾರ್ಥಿವೇತನದ ಅರ್ಜಿ. ಒಂದೇ ಕಾಲೊನಿಗೆ ವರ್ಷವಿಡೀ ಹೋಗುವಂತೆ ಮಾಡಿ, ಹತ್ತು ಕಡೆ ಹತ್ತು ಬ್ಯಾನರ್ ಬೇಡ. ಕಾರ್ಮಿಕರು ಸಿಗುವುದು ಭಾನುವಾರ ಮಾತ್ರ, ನಮ್ಮ ಕಾರ್ಯಕ್ರಮ ಶನಿವಾರ ಮಧ್ಯಾಹ್ನ ಇರುತ್ತದೆ, ಇದೂ ಬದಲಾಗಬೇಕು. ಉತ್ತರ ಕರ್ನಾಟಕದಿಂದ ಬಂದು ನಮ್ಮ ಜೊತೆ ಓದುತ್ತಿರುವ ವಿದ್ಯಾರ್ಥಿಗಳನ್ನು, ಕೊರಗ ಸಮುದಾಯದ ವಿದ್ಯಾರ್ಥಿಗಳನ್ನು ಯೋಜನೆ ಮಾಡುವ ಸಭೆಗೇ ಕರೆಯಿರಿ. ಅವರು ಬಂದು ತಮ್ಮ ಬಡತನದ ಕಥೆ ಹೇಳಬೇಕಾಗಿಲ್ಲ, ಸಭೆಯಲ್ಲಿ ಕೂತು ತೀರ್ಮಾನ ಮಾಡಲಿ. ದಾನಿಗಳಲ್ಲಿ ಕೇಳುವುದು ಇಷ್ಟೇ: ಕೊಡುವ ಹಣಕ್ಕೆ ಫೋಟೊ ಕೇಳಬೇಡಿ, ಲೆಕ್ಕ ಕೇಳಿ. ಒಂದು ಮಗುವಿನ ಬಸ್ ಪಾಸಿಗೆ, ಒಬ್ಬ ಕಾರ್ಮಿಕ ಕಚೇರಿಗೆ ಹೋದ ದಿನದ ಕೂಲಿಗೆ ಹಣ ಕೊಡಿ. ಫೋಟೊದಲ್ಲಿ ಅದು ಕಾಣುವುದಿಲ್ಲ, ಲೆಕ್ಕಪುಸ್ತಕದಲ್ಲಿ ಕಾಣುತ್ತದೆ.

ಗೆಳೆಯ ಗೆಳತಿಯರಲ್ಲಿ ಬೇರೆಯೇ ಒಂದು ಮಾತು. ಮುಂದಿನ ಸಲ ವ್ಯಾನಿನಲ್ಲಿ ಯಾರಾದರೂ "ಇವರೆಲ್ಲ ಹೀಗೆಯೇ" ಎಂದು ಶುರುಮಾಡಿದರೆ, ಯಾರು, ಯಾವ ಊರಿನವರು, ನೀನು ಮಾತಾಡಿಸಿದ್ದಿಯಾ ಎಂದು ಅಲ್ಲೇ ಕೇಳಿ. ಜಗಳವಾಗುವುದಿಲ್ಲ. ಬಹಳ ಸಲ ಹೇಳಿದವರ ಹತ್ತಿರ ಉತ್ತರ ಇರುವುದಿಲ್ಲ, ಮಾತು ಅಲ್ಲಿಗೆ ನಿಲ್ಲುತ್ತದೆ.

ನಮ್ಮ ಘಟಕದ ಏಳು ದಿನಗಳ ವಾರ್ಷಿಕ ಶಿಬಿರದ ಯೋಜನೆ ಇನ್ನೂ ಅಂತಿಮವಾಗಿಲ್ಲ. ಬೇರೆ ಕಾಲೇಜುಗಳಲ್ಲೂ ಹೀಗೆಯೇ ಇರಬಹುದು. ಜಾಗ ಗೊತ್ತುಮಾಡುವ ಮೊದಲು ಆ ಊರಿನವರನ್ನು, ಅಲ್ಲಿಯ ಕಾಲೊನಿಯವರನ್ನು ಕೂರಿಸಿಕೊಂಡು ಒಂದು ಸಭೆ ಕರೆಯಿರಿ ಎಂದು ವಿನಂತಿಸುತ್ತೇನೆ. ಅರ್ಜಿ ತುಂಬಲು, ಕಚೇರಿಗೆ ಜೊತೆಯಲ್ಲಿ ಹೋಗಲು ತಯಾರಿರುವ ವಿದ್ಯಾರ್ಥಿಗಳ ಪಟ್ಟಿ ನಮ್ಮ ಹತ್ತಿರ ಸಿದ್ಧವಿದೆ, ಯಾವ ಕಾಲೇಜು ಕೇಳಿದರೂ ಕೊಡುತ್ತೇವೆ.

ಇಂತಿ,
ಅಂತಿಮ ಪದವಿಯ ವಿದ್ಯಾರ್ಥಿನಿ,
ಮಂಗಳೂರು